ಮೊಗ್ಗಿನ ಜಡೆ

ಹೆಂಗಸರ ತಲೆಯ ಅಲಂಕಾರವನ್ನು ಕುರಿತು ಗಂಡಸು ಲೇಖನಿ ಹಿಡಿಯುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಾನು ತೀರಿಸಬೇಕಾದ ಹಳೆಯ ಸಾಲವೊಂದಿರುವುದರಿಂದ ಬರೆಯುತ್ತಿದ್ದೇನೆ.

ಪಾಶ್ಚಾತ್ಯರಲ್ಲಿ ಸ್ತ್ರೀಯರ ಟೋಪಿಯನ್ನು ಮಾಡುವ ಕಸಬಿಗೆ ಮಿಲಿನರಿ ಎಂದು ಹೆಸರು. ಇಟಲಿಯ ಮಿಲಾನ್ ಪಟ್ಟಣದ ಸರಕನ್ನು ಮಾರುತ್ತಿದ್ದವರಿಂದ ಆ ಹೆಸರು ಬಂದಿತು. 19ನೆಯ ಶತಮಾನದ ಕೊನೆಯಲ್ಲಿ ಟೋಪಿಗೆ ಬೆಳ್ಳಕ್ಕಿಯ ಗರಿ ಸಿಕ್ಕಿಸುವ ಹುಚ್ಚು ಹೆಚ್ಚಿ, ಮರಿಮಾಡುವ ಕಾಲದಲ್ಲಿಯೇ ಆ ಹಕ್ಕಿಗಳನ್ನು ಕೊಲ್ಲತೊಡಗಿದರು. ಇದಕ್ಕೆ ಮರುಗಿದ ಇಂಗ್ಲೆಂಡಿನ ಹೆಂಗಸರೇ 1889ರಲ್ಲಿ ಪಕ್ಷಿರಕ್ಷಣೆಯ ಸಂಘವನ್ನು ಕಟ್ಟಿದರು. 1902ರಲ್ಲಿ ಭಾರತ ಸರ್ಕಾರವು ಗರಿಗಳ ರಫ್ತನ್ನು ನಿಷೇಧಿಸಿತು.

ನಮ್ಮ ಹೆಂಗಸರಿಗಾದರೋ ಟೋಪಿಯ ಸ್ಥಾನದಲ್ಲಿ ಹೂವಿದೆ. ಮುಡಿಯ ನಡುವಿನ ಮಾಲೆಗೆ ಗರ್ಭಕ, ಹಿಂದೆ ಇಳಿಬಿಟ್ಟದ್ದಕ್ಕೆ ಪ್ರಭ್ರಷ್ಟಕ, ಮುಂದೆ ಇಟ್ಟದ್ದಕ್ಕೆ ಲಲಾಮಕ ಎಂದು ಅಮರಸಿಂಹನು ಬೇರೆಬೇರೆ ಹೆಸರನ್ನೇ ಹೇಳಿದ್ದಾನೆ. ಈ ಶಿಲ್ಪದ ಶಿಖರವೇ ಮೊಗ್ಗಿನ ಜಡೆ.

ಮಲ್ಲಿಗೆಯು ಸಂಜೆಗೆ ಬಿರಿಯುವ ಹೂವು. ಆದುದರಿಂದ ಮೊಗ್ಗನ್ನು ಬೆಳಿಗ್ಗೆಯೇ ಬಿಡಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು. ಒಂದೇ ಗಾತ್ರದವನ್ನು ಆರಿಸಿ, ತೊಟ್ಟಿಗೆ ಸೂಜಿ ಹಾಯಿಸಿ, ಬಾಳೆಪಟ್ಟೆಯ ಮೇಲೆ ಸಾಲುಸಾಲಾಗಿ ಹೊಲಿಯಬೇಕು. ಮೇಲೆ ಅಗಲ, ಕೆಳಗೆ ಕಿರಿದು, ನಡುನಡುವೆ ಕನಕಾಂಬರದ ಕೆಂಪು, ಮರುಗದ ಹಸುರು, ತುದಿಗೆ ಕುಚ್ಚು. ದಾರವನ್ನು ಬಿಗಿದೆಳೆದರೆ ತೊಟ್ಟು ಕತ್ತರಿಸುವುದು. ಸಡಿಲಬಿಟ್ಟರೆ ಮೊಗ್ಗು ಜೋಲುವುದು. ಇಷ್ಟು ಶ್ರಮದ ಕೆಲಸವು ಒಂದು ಸಂಜೆ ಅರಳಿ ಮರುದಿನ ಬಾಡುವುದು. ಅದಕ್ಕಾಗಿಯೇ ಫೋಟೋ ಹಿಡಿಸುವಾಗ ಹಿಂದೆ ಕನ್ನಡಿಯಿಟ್ಟು, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಕಾಣುವಂತೆ ನಿಲ್ಲಿಸುತ್ತಿದ್ದರು.

ಮೂವತ್ತು ವರ್ಷಗಳ ಹಿಂದೆ ನನ್ನ ಪತ್ನಿಯ ಸೀಮಂತಕ್ಕೆ ನೆರೆಮನೆಯ ಅಜ್ಜಿಯೊಬ್ಬರು ತಾವಾಗಿಯೇ ಬಂದು, ಹೂ ತಂದುಕೊಟ್ಟರೆ ಜಡೆ ಹೊಲಿದುಕೊಡುವುದಾಗಿ ಹೇಳಿದರು. "ಒಂದು ದಿನದ ಆಡಂಬರಕ್ಕೆ ಇಷ್ಟು ದುಡ್ಡೇ?" ಎಂದೆ, ಮೇಲೆ ವೈರಾಗ್ಯದ ಶ್ಲೋಕವೊಂದನ್ನೂ ಹೇಳಿದೆ. ಆಕೆ ಮರುಮಾತಾಡಲಿಲ್ಲ. ಅದೇ ವಾರ ನಾನು ಆ ಹೂವಿನ ಇಮ್ಮಡಿ ಬೆಲೆಯ ವ್ಯಾಖ್ಯಾನಗ್ರಂಥವೊಂದನ್ನು ಕೊಂಡು ತಂದೆನು. ಅದರ ಅರ್ಧವನ್ನು ಇಂದಿಗೂ ಓದಿಲ್ಲ.

ಕಳೆದ ತಿಂಗಳು ಜಯನಗರದ ನಮ್ಮ ಮನೆಯಲ್ಲಿ ಮಗಳ ಸೀಮಂತ. ಗಾಂಧಿಬಜಾರಿನಿಂದ ಸಿದ್ಧವಾದ ಜಡೆಯನ್ನು ತರುವುದೆಂದು ಮಾತಾಯಿತು. ಪತ್ನಿ ಮಾತ್ರ, "ಮೊಗ್ಗು ತಂದುಕೊಡಿ ಸಾಕು, ನಾನು ಹೊಲಿಯುತ್ತೇನೆ" ಎಂದಳು.

"ನೀನು ಯಾವಾಗ ಕಲಿತೆ?"

"ಆಮೇಲೆ, ಆ ಅಜ್ಜಿಯ ಹತ್ತಿರವೇ. ಮಗಳು ಕೇಳಿದಾಗ ಇಲ್ಲವೆನ್ನಬಾರದಲ್ಲ!"

ಆ ದಿನ ಮುಂಜಾನೆಯೇ ಎದ್ದು ನಾನೇ ಹೂ ತಂದೆ. ಮಧ್ಯಾಹ್ನದವರೆಗೂ ಪಕ್ಕದಲ್ಲಿ ಕುಳಿತು ಮೊಗ್ಗುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿಕೊಟ್ಟೆ. ಎರಡು ಸಾರಿ ತಪ್ಪಿದೆ. ಆಕೆ ಮಾತಾಡದೆ ಸಣ್ಣದನ್ನು ಹಿಂದಕ್ಕೆ ನನ್ನ ಕಡೆಗೆ ಸರಿಸಿದಳು.

ಅಂಗಡಿಯ ಜಡೆಯನ್ನು ನಾನು ಹಳಿಯುವವನಲ್ಲ. ಅದನ್ನು ಹೊಲಿದ ಕೈಗೂ ಕೂಲಿ ಸಲ್ಲಬೇಕು. ಆದರೆ ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಈ ವಿದ್ಯೆ ತಿಳಿದಿದ್ದರೆ, ಅವರ ಕಣ್ಣು ಸೂಜಿಯನ್ನು ಕಾಣುವಷ್ಟರೊಳಗೆ ಮಕ್ಕಳನ್ನು ಬಳಿಯಲ್ಲಿ ಕೂರಿಸಿರಿ. ಗಂಡಸರು ಮೊಗ್ಗನ್ನಾದರೂ ಆರಿಸಿಕೊಡಲಿ.