ಎಂ.ಎ. ಆದ ಮೇಲೆ
ಸಾಂಗಲಿ, ಮಿರಜದ ಕಡೆ ಧರ್ಮಗಳ ಅಧ್ಯಯನದಲ್ಲಿ ಎಂ.ಎ. ಮುಗಿಸಿದವರನ್ನು ಜನ ಮೊದಲು ಕೇಳುವುದು ನೌಕರಿಯ ಮಾತನ್ನೇ. ಆ ಮಾತು ಬಂದಾಗ ನನಗೆ ನೆನಪಾಗುವವರು ವಿದ್ವಾಂಸ ಆ.ನೇ. ಉಪಾಧ್ಯೆ. ಹತ್ತಿರದ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಈ ಕನ್ನಡಿಗ 1930ರಲ್ಲಿ ಎಂ.ಎ. ಮುಗಿಸಿ, ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ ಅರ್ಧಮಾಗಧಿ ಪ್ರಾಕೃತದ ಪಾಠ ಹೇಳುತ್ತಲೇ ಜೈನ ಆಚಾರ್ಯ ಕುಂದಕುಂದರ ‘ಪ್ರವಚನಸಾರ’ ಗ್ರಂಥವನ್ನು ಸಂಪಾದಿಸಿ 1935ರಲ್ಲಿ ಹೊರತಂದರು. ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಒಂದೊಂದಾಗಿ ತಾಳೆ ನೋಡುವ ಕೆಲಸಕ್ಕೆ ಎಂಥ ತಾಳ್ಮೆ ಬೇಕು! ಆ ತಾಳ್ಮೆ ಇಂದಿನ ಹುಡುಗರಿಗೂ ಬರಲಿ. ಆದರೆ ಧರ್ಮವನ್ನು ಅರಿಯಲು ಗ್ರಂಥವೊಂದೇ ಸಾಲದು, ಜನರ ನಡುವೆಯೂ ಅದನ್ನು ನೋಡಬೇಕು. ಮಿರಜದ ಮೀರಾಸಾಹೇಬ ದರ್ಗಾದಲ್ಲಿ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿಯಿದೆ. ಉರುಸಿನಲ್ಲಿ ಅವರ ನೆನಪಿಗೆ ಗಾಯಕರು ಹಾಡುತ್ತಾರೆ. ಅಲ್ಲಿ ಕೂತವರ ಜಾತಿ, ಮತ ಯಾರೂ ವಿಚಾರಿಸುವುದಿಲ್ಲ. ಸಂಶೋಧನೆಗೆ ವಿಷಯ ಹುಡುಕುತ್ತಿರುವವರು ಒಂದು ರಾತ್ರಿ ಅಲ್ಲಿ ಕೂತು, ಕೇಳಿ, ಬರೆದುಕೊಳ್ಳಬೇಕು.