ಹೆಸರು ಧಣಿಯದು, ಹೊಣೆ ಗುತ್ತಿಗೆದಾರನದು

ವಿಮಾನ ಚಾಲಕನೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಚಿನ್ನದ ಪಟ್ಟಿ, ಕೈತುಂಬ ಸಂಬಳ. ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮೈತುಂಬ ಹತ್ತಿಯ ಧೂಳು ಹೊತ್ತು ಮನೆಗೆ ಬರುವವನಿಗೂ ಅವನಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಉಂಟು. ಬಂಡವಾಳಶಾಹಿಯ ರಾಜಧಾನಿಯೆನಿಸಿದ ಅಮೆರಿಕದಲ್ಲಿ ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಚಾಲಕರ ಪಾಡು ನಮ್ಮ ಬದಲಿ ಕಾರ್ಮಿಕನ ಪಾಡಿಗಿಂತ ಬಹಳ ಬೇರೆಯಾಗಿರಲಿಲ್ಲ. ಆ ಕಥೆಯಲ್ಲಿ ನಾವು ಕಲಿಯತಕ್ಕ ಪಾಠವಿದೆ.

2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಪಟ್ಟಣದ ಬಳಿ ಒಂದು ಸಣ್ಣ ವಿಮಾನ ಮನೆಯೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿಯೂ ಆ ಮನೆಯಲ್ಲಿದ್ದ ಒಬ್ಬರೂ ಸತ್ತರು. ಪ್ರಯಾಣಿಕರು ಕೊಂಡ ಟಿಕೇಟಿನ ಮೇಲೆ ಇದ್ದುದು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯ ಹೆಸರು. ವಿಮಾನ ಹಾರಿಸುತ್ತಿದ್ದುದು ಕೋಲ್ಗನ್ ಎಂಬ ಗುತ್ತಿಗೆಯ ಕಂಪನಿ. ಸಹಚಾಲಕಿಗೆ ಸಿಗುತ್ತಿದ್ದ ವರ್ಷದ ಸಂಬಳದ ಬಗ್ಗೆ ಆಗ ಹೊರಬಿದ್ದ ಅಂಕಿಗಳು 16 ಸಾವಿರದಿಂದ 24 ಸಾವಿರ ಡಾಲರಿನ ನಡುವೆ ಇದ್ದವು. ಆ ದೇಶದಲ್ಲಿ ಅದು ಬಡವರ ಸಂಬಳ. ಕೆಲಸದ ಊರಿನಲ್ಲಿ ಮನೆ ಮಾಡುವಷ್ಟು ಅನುಕೂಲವಿಲ್ಲದ ಆಕೆ ದೇಶದ ಇನ್ನೊಂದು ತುದಿಯಲ್ಲಿ ತಂದೆತಾಯಿಗಳ ಮನೆಯಲ್ಲಿದ್ದಳು. ಹಿಂದಿನ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಕುಳಿತು ಕೆಲಸಕ್ಕೆ ಬಂದಿದ್ದಳು. ಅಪಘಾತದ ಕಾರಣ ಮುಖ್ಯ ಚಾಲಕನ ತಪ್ಪು ಎಂದು ಸರಕಾರಿ ತನಿಖಾ ಮಂಡಳಿ ತೀರ್ಮಾನಿಸಿತು. ಇಬ್ಬರೂ ದಣಿದಿದ್ದಿರಬೇಕು, ಆದರೆ ಆ ದಣಿವಿನ ಪಾಲು ಎಷ್ಟೆಂದು ಖಚಿತವಾಗಿ ಹೇಳಲಾಗದು ಎಂದಿತು. ತನಿಖೆಯವರ ಮಾತನ್ನು ನಾವು ತಿರುಚುವುದಿಲ್ಲ. ಆದರೆ ದಣಿದವರನ್ನೂ ಅರೆಸಂಬಳದವರನ್ನೂ ಆ ಕುರ್ಚಿಯಲ್ಲಿ ಕೂರಿಸಿದ ಏರ್ಪಾಡು ಯಾವುದೆಂದು ಕೇಳುವ ಹಕ್ಕು ನಮಗಿದೆ.

ಆ ಏರ್ಪಾಡು ನಮ್ಮವರಿಗೆ ಹೊಸದಲ್ಲ. ಸಾಹುಕಾರ ನೂಲು ಕೊಡುತ್ತಾನೆ, ಮಗ್ಗದವ ನೇಯ್ದುಕೊಡುತ್ತಾನೆ, ಸೀರೆ ಸಾಹುಕಾರನ ಹೆಸರಿನಲ್ಲಿ ಮಾರಾಟವಾಗುತ್ತದೆ, ಮಗ್ಗದವನಿಗೆ ಮಜೂರಿ ಮಾತ್ರ. ಅಮೆರಿಕದ ಆಕಾಶದಲ್ಲಿಯೂ ಹೀಗೆಯೇ. ಟಿಕೇಟು ಮಾರುವುದು, ದರ ಕಟ್ಟುವುದು, ವೇಳಾಪಟ್ಟಿ ಹಾಕುವುದು ದೊಡ್ಡ ಕಂಪನಿ. ಇಂಧನದ ಖರ್ಚೂ ಸಾಮಾನ್ಯವಾಗಿ ಅದರದೇ. ಸಣ್ಣ ಕಂಪನಿಯು ದೊಡ್ಡದರ ಬಣ್ಣ ಬಳಿದುಕೊಂಡು ವಿಮಾನ ಹಾರಿಸುತ್ತದೆ. ಒಂದು ಹಾರಾಟಕ್ಕೆ ಇಷ್ಟು, ಒಂದು ಗಂಟೆಗೆ ಇಷ್ಟು, ಒಂದು ವಿಮಾನಕ್ಕೆ ತಿಂಗಳಿಗೆ ಇಷ್ಟು ಎಂದು ಕೂಲಿ ಪಡೆಯುತ್ತದೆ. ವೇಳೆಗೆ ಸರಿಯಾಗಿ ಹಾರಿಸಿದರೆ ಸ್ವಲ್ಪ ಬಹುಮಾನ, ತಪ್ಪಿದರೆ ಕಡಿತ. ಸೀಟು ತುಂಬಿದರೂ ಖಾಲಿ ಹೋದರೂ ಅದರ ಕೂಲಿ ಅಷ್ಟೇ. 2020ಕ್ಕೆ ಮೊದಲು ಅಮೆರಿಕದೊಳಗಿನ ಹತ್ತು ಹಾರಾಟಗಳಲ್ಲಿ ಸುಮಾರು ನಾಲ್ಕು ಇಂತಹ ಸಣ್ಣ ಕಂಪನಿಗಳವೇ ಆಗಿದ್ದವು.

ಟಿಕೇಟಿನ ದರ ತನ್ನ ಕೈಯಲ್ಲಿಲ್ಲ, ಇಂಧನ ತನ್ನ ಲೆಕ್ಕದಲ್ಲಿಲ್ಲ, ವಿಮಾನದ ಸಾಲದ ಕಂತು ಕಡಿಮೆಯಾಗುವುದಿಲ್ಲ. ಹಾಗಾದರೆ ಗುತ್ತಿಗೆದಾರ ಲಾಭವನ್ನು ಎಲ್ಲಿಂದ ತೆಗೆಯಬೇಕು? ದುಡಿಯುವವನ ಸಂಬಳದಿಂದ. ಇದರಲ್ಲಿ ಇನ್ನೊಂದು ಕುಯುಕ್ತಿಯಿದೆ. ವಿಮಾನ ಚಾಲಕರ ಸಂಬಳ ಸೇವಾ ಹಿರಿತನದಿಂದ ಏರುತ್ತದೆ. ಹತ್ತು ವರ್ಷ ನಡೆದ ಕಂಪನಿಯಲ್ಲಿ ಹಿರಿಯರು ಹೆಚ್ಚು, ಸಂಬಳದ ಖರ್ಚೂ ಹೆಚ್ಚು. ಕರಾರು ಮುಗಿದಾಗ ದೊಡ್ಡ ಕಂಪನಿ, ಹೊಸಬರನ್ನು ಇಟ್ಟುಕೊಂಡ ಇನ್ನೊಬ್ಬ ಗುತ್ತಿಗೆದಾರನಿಗೆ ಕೆಲಸ ಕೊಡುತ್ತದೆ. ಕೆಲಸ ಕಳಕೊಂಡ ಹಿರಿಯ ಚಾಲಕ ಹೊಸ ಕಂಪನಿಗೆ ಹೋದರೆ ಅವನ ಹಳೆಯ ಸೇವೆಗೆ ಕಿಲುಬುಕಾಸಿನ ಬೆಲೆಯಿಲ್ಲ. ಪಟ್ಟಿಯ ತಳದಿಂದ ಮತ್ತೆ ಹತ್ತಬೇಕು. ಕೋಮೇರ್ ಎಂಬ ಕಂಪನಿಯ ಚಾಲಕರು 2001ರಲ್ಲಿ 89 ದಿನ ಮುಷ್ಕರ ಹೂಡಿ ಉತ್ತಮ ವೇತನ ಪಡೆದರು. ಅದರ ಒಡೆತನವಿದ್ದುದು ಡೆಲ್ಟಾ ಕಂಪನಿಯ ಕೈಯಲ್ಲಿ. 2012ರಲ್ಲಿ, ಖರ್ಚು ಹೆಚ್ಚೆಂಬ ಕಾರಣ ಹೇಳಿ, ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿಬಿಟ್ಟಿತು. ಸಂಘವಿದ್ದ ಗಿರಣಿಗೆ ಬೀಗ ಹಾಕಿ ಸಂಘವಿಲ್ಲದ ಕಡೆ ಮಗ್ಗ ಹೂಡುವ ಧಣಿಗಳನ್ನು ಕಂಡ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸ ಸೇರುವುದಕ್ಕೆ ತರುಣನು ಮಾಡುವ ಸಾಲವಾದರೂ ಎಷ್ಟು? ಅಲ್ಲಿ ತರಬೇತಿಯ ಖರ್ಚು ಇಂದು ಸುಮಾರು ಒಂದು ಲಕ್ಷ ಡಾಲರ್. ಸಂಬಳದ ಗಂಟೆಯ ಲೆಕ್ಕವಾದರೋ ಸಾಮಾನ್ಯವಾಗಿ ವಿಮಾನ ಹೊರಟು ನಿಲ್ಲುವವರೆಗೆ ಮಾತ್ರ. ಎರಡು ಹಾರಾಟಗಳ ನಡುವೆ ನಿಲ್ದಾಣದಲ್ಲಿ ಕಾದು ಕುಳಿತ ಹೊತ್ತಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಇಷ್ಟನ್ನೂ ತರುಣರು ಏಕೆ ಸಹಿಸಿದರು? ಮುಂದೊಂದು ದಿನ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕೀತೆಂಬ ಆಸೆಯಿಂದ. ನಾಳೆ ಕಾಯಂ ಮಾಡುತ್ತೇವೆಂಬ ಮಾತಿನ ಮೇಲೆ ಇಂದು ಅರೆಕೂಲಿಗೆ ದುಡಿಸಿಕೊಳ್ಳುವುದು ಧಣಿಗಳ ಹಳೆಯ ವಿದ್ಯೆ.

ಇಲ್ಲಿ ನಮ್ಮ ಸಂಘಗಳ ಕಡೆಗೂ ಒಂದು ಮಾತು ಹೇಳದಿದ್ದರೆ ಪ್ರಾಮಾಣಿಕತೆಯಾಗದು. ದೊಡ್ಡ ಕಂಪನಿಗಳ ಚಾಲಕರಿಗೆ ಬಲವಾದ ಸಂಘಗಳಿದ್ದವು. ದೊಡ್ಡ ವಿಮಾನಗಳನ್ನು ಹೊರಗಿನವರಿಗೆ ಕೊಡಕೂಡದೆಂದು ಅವು ಮಾಲೀಕರೊಡನೆ ಕರಾರು ಬರೆಸಿಕೊಂಡವು. ಇಂದು ಆ ಗೆರೆ ಹೆಚ್ಚುಕಡಿಮೆ 76 ಸೀಟಿನ ವಿಮಾನದ ಬಳಿ ನಿಂತಿದೆ. ಗೆರೆಯ ಮೇಲಿನವರು ಉಳಿದರು. ಗೆರೆಯ ಕೆಳಗಿನ ಕೆಲಸವೆಲ್ಲ ಅಗ್ಗದ ಗುತ್ತಿಗೆಗೆ ಹೋಯಿತು. ಕಾಯಂ ಕಾರ್ಮಿಕನು ತನ್ನ ಮನೆಗೆ ಮಾತ್ರ ಬೇಲಿ ಹಾಕಿಕೊಂಡು, ಹೊರಗಿನವನು ಹೇಗಾದರೂ ಬದುಕಿಕೊಳ್ಳಲಿ ಎಂದರೆ, ಧಣಿ ಆ ಬೇಲಿಯ ಹೊರಗೇ ತನ್ನ ಕೆಲಸ ಮಾಡಿಸಿಕೊಳ್ಳುತ್ತಾನೆ. ಬದಲಿಯವನನ್ನು ಸಂಘದ ಬಾಗಿಲ ಹೊರಗೆ ನಿಲ್ಲಿಸುವ ನಮ್ಮ ಗೆಳೆಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಸತ್ತವರ ಬಂಧುಗಳು ಸುಮ್ಮನಿರಲಿಲ್ಲ. ಅವರ ಹೋರಾಟದಿಂದ 2010ರಲ್ಲಿ ಕಾನೂನು ಬಂದಿತು. ಅದುವರೆಗೆ 250 ಗಂಟೆಗಳ ಅನುಭವದವರನ್ನೂ ಸಹಚಾಲಕರಾಗಿ ತೆಗೆದುಕೊಳ್ಳಲು ಅವಕಾಶವಿತ್ತು. 2013ರಿಂದ 1500 ಗಂಟೆ ಬೇಕೆಂದಾಯಿತು. ಸೈನ್ಯದಲ್ಲಿ ಹಾರಿಸಿದವರಿಗೂ ವಿಮಾನ ವಿದ್ಯೆಯ ಪದವಿ ಪಡೆದವರಿಗೂ ಕೊಂಚ ರಿಯಾಯಿತಿ ಉಂಟು. ವಿಶ್ರಾಂತಿಯ ನಿಯಮಗಳು ಬಿಗಿಯಾದವು. ವಿಮಾನ ನಿಜವಾಗಿ ಹಾರಿಸುವವರು ಯಾರೆಂದು ಟಿಕೇಟು ಮಾರುವಾಗಲೇ ತಿಳಿಸಬೇಕೆಂದಾಯಿತು. ಅರೆಸಂಬಳಕ್ಕೆ ಸಿಗುವ ತರುಣರು ಕಡಿಮೆಯಾದರು. 2016ರಲ್ಲಿ ರಿಪಬ್ಲಿಕ್ ಎಂಬ ಗುತ್ತಿಗೆಯ ಕಂಪನಿ, ಚಾಲಕರ ಅಭಾವವನ್ನು ಮುಂದಿಟ್ಟು ದಿವಾಳಿ ಅರ್ಜಿ ಹಾಕಿತು. 2022ರಲ್ಲಿ ಅಮೆರಿಕನ್ ಕಂಪನಿಗೆ ಸೇರಿದ ಸಣ್ಣ ಕಂಪನಿಗಳು ಹೊಸ ಸಹಚಾಲಕನಿಗೆ ಗಂಟೆಗೆ 90 ಡಾಲರ್ ಕೊಡಲು ಒಪ್ಪಿದವು. ಸಂಬಳ ಹೆಚ್ಚಿಸಿದರೆ ಉದ್ಯಮವೇ ಮುಳುಗುತ್ತದೆ ಎಂದು ವರ್ಷಗಟ್ಟಲೆ ಹೇಳಿದವರ ಬಾಯಿಂದಲೇ ಈ ಒಪ್ಪಿಗೆ ಬಂದಿತು. ಹಣ ಇರಲಿಲ್ಲವೆಂದಲ್ಲ, ಕೊಡಬೇಕಾದ ಒತ್ತಾಯ ಇರಲಿಲ್ಲ.

ಸಣ್ಣ ಊರುಗಳ ವ್ಯಾಪಾರಿಗಳಿಗೆ ಇದರಿಂದ ನಷ್ಟವಾಗಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. 2022ರ ಮಾರ್ಚಿನಲ್ಲಿ ಸ್ಕೈವೆಸ್ಟ್ ಎಂಬ ಕಂಪನಿ, ಚಾಲಕರಿಲ್ಲವೆಂದು ಹೇಳಿ, ಸರಕಾರದ ಸಹಾಯಧನದಿಂದ ನಡೆಯುತ್ತಿದ್ದ 29 ಊರುಗಳ ಸೇವೆ ನಿಲ್ಲಿಸುವುದಾಗಿ ತಿಳಿಸಿತು. ಮಾಲೀಕರು ಇದಕ್ಕೆಲ್ಲ 1500 ಗಂಟೆಯ ನಿಯಮವೇ ಕಾರಣ ಎನ್ನುತ್ತಾರೆ. ಆ ನಿಯಮವೂ ಒಂದು ಕಾರಣವಿರಬಹುದು. ಆದರೆ ಇಪ್ಪತ್ತು ವರ್ಷ ಕೂಲಿ ಕೊಡದೆ ತರುಣರನ್ನು ಓಡಿಸಿದವರು, ಈಗ ಆಳು ಸಿಗುವುದಿಲ್ಲವೆಂದು ಕಾನೂನಿನ ಮೇಲೆ ಹೊರಿಸುವುದು ಯಾವ ನ್ಯಾಯ? ಅಗ್ಗದ ದುಡಿಮೆಯ ಮೇಲೆ ಕಟ್ಟಿದ ಸೇವೆ ಸಣ್ಣ ಊರಿಗೆ ಶಾಶ್ವತ ಸೇವೆಯಲ್ಲ.

ನಮ್ಮ ದೇಶದ ಅನುಭವವೂ ಎಚ್ಚರಿಕೆಯ ಗಂಟೆಯಾಗಿದೆ. ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯ ಮೊದಲ ಹಾರಾಟ 2017ರ ಏಪ್ರಿಲ್‌ನಲ್ಲಿ ನಡೆಯಿತು. ಇಲ್ಲಿನ ಕರಾರಿನ ರೂಪ ಬೇರೆ: ನಷ್ಟದ ಒಂದು ಪಾಲನ್ನು ಮೂರು ವರ್ಷ ಸರಕಾರವೇ ತುಂಬಿಕೊಡುತ್ತದೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲವೆಂದೂ, ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112 ಮಾತ್ರವೆಂದೂ ಮಹಾಲೇಖಪಾಲರ 2023ರ ವರದಿ ಹೇಳಿದೆ. ನಮ್ಮ ಬೀದರಿನಲ್ಲಿ 2020ರಲ್ಲಿ ಆರಂಭವಾದ ಸೇವೆ ನಡುವೆ ನಿಂತು ಮತ್ತೆ ಹುಟ್ಟಬೇಕಾಯಿತು. ಸಾರ್ವಜನಿಕರ ಹಣ ಪಡೆಯುವ ಕರಾರು ಬರೆಯುವಾಗ ಸೀಟು ಎಷ್ಟು, ದರ ಎಷ್ಟು ಎಂದು ಬರೆಯುತ್ತಾರೆ. ದುಡಿಯುವವನ ಸಂಬಳ, ವಿಶ್ರಾಂತಿ, ಕಂಪನಿ ಮುಳುಗಿದರೆ ಅವನ ಗತಿ ಏನೆಂಬುದನ್ನೂ ಬರೆಯಬೇಡವೇ?

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ತತ್ವವನ್ನು ನಮ್ಮ ದೇಶ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿಯೇ ಒಪ್ಪಿಕೊಂಡಿತ್ತು. ಆ ತತ್ವವನ್ನು ಕೊನೆಯವರೆಗೆ ಎಳೆಯಬೇಕೆಂಬುದೇ ನಮ್ಮ ಬೇಡಿಕೆ. ಯಾರ ಹೆಸರಿನಲ್ಲಿ ಮಾಲು ಮಾರಾಟವಾಗುತ್ತದೆಯೋ ಅವನೇ ಸಂಬಳಕ್ಕೂ ಸುರಕ್ಷತೆಗೂ ಹೊಣೆಗಾರ. ಒಂದೇ ಕೆಲಸಕ್ಕೆ ಒಂದೇ ಕೂಲಿ. ಗುತ್ತಿಗೆದಾರ ಬದಲಾದರೂ ದುಡಿದ ವರ್ಷಗಳು ಕಾರ್ಮಿಕನವೇ. ಇದು ವಿಮಾನಕ್ಕೆ ಹೇಗೋ, ಗಿರಣಿಗೆ ಹಾಗೆ, ಪುರಸಭೆಯ ಕಸದ ಗಾಡಿಗೂ ಹಾಗೆ.

ಆಕಾಶದಲ್ಲಿ ಹಾರುವವನೂ ನೆಲದ ಮೇಲೆ ನೂಲು ತೆಗೆಯುವವನೂ ಒಂದೇ ಕರಾರಿನ ಹಗ್ಗದಲ್ಲಿ ಕಟ್ಟಿಸಿಕೊಂಡಿದ್ದಾರೆ. ಆ ಗಂಟನ್ನು ಬಿಚ್ಚುವ ಕೆಲಸ ನಮ್ಮ ಗಿರಣಿಯ ಬಾಗಿಲಲ್ಲೇ ಮೊದಲಾಗಬೇಕು. ಸಂಘದ ಮುಂದಿನ ಸಭೆಗೆ ಬರುವ ಪ್ರತಿಯೊಬ್ಬ ಕಾಯಂ ಕಾರ್ಮಿಕನೂ ಒಬ್ಬ ಬದಲಿಯವನನ್ನು ಕೈಹಿಡಿದು ಕರೆತರಲಿ.