ನೆನಪಿನ ಹೊರೆ ಯಾರ ತಲೆಗೆ?

"ಮೇಡಮ್ಮಿಗೆ ಎಲ್ಲ ನೆನಪಿರುತ್ತದೆ ಬಿಡಿ" ಎಂಬ ಮಾತನ್ನು ಹೊಗಳಿಕೆಯೆಂದು ತಿಳಿದು ಹಿಗ್ಗುವ ಹೆಂಗಸರನ್ನು ಕಂಡರೆ ನನಗೆ ಮರುಕ. ಗಾಣದೆತ್ತಿನ ಬೆನ್ನು ತಟ್ಟುವುದು ಇನ್ನೊಂದು ಸುತ್ತು ಬರಲೆಂದೇ. ಮಾಡಬೇಕಾದ ಕೆಲಸಗಳನ್ನು ಬರೆದಿಡಲೆಂದೇ ಇರುವ ಆಪ್ ಒಂದನ್ನು ನಾನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. "ಈ ವಯಸ್ಸಿಗೆ ನಿಮಗೇಕೆ ಇದೆಲ್ಲ?" ಎಂದು ನಗುವವರಿಗೆ ಈ ನಾಲ್ಕು ಮಾತು.

ಹಳೆಯದನ್ನು ಹಳಿಯುವವಳು ನಾನಲ್ಲ. ನಮ್ಮ ಹಿರಿಯರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದರು, ಗ್ಯಾಸ್ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟರು. ನೆನಪನ್ನು ತಲೆಯಿಂದ ಹೊರಗಿಡುವ ಬುದ್ಧಿ ಅವರಿಗೆ ಚೆನ್ನಾಗಿಯೇ ಇತ್ತು. ಆದರೆ ಸೆರಗಿನ ಗಂಟು 'ಏನೋ ಇದೆ' ಎನ್ನುತ್ತದೆಯೇ ಹೊರತು ಏನೆಂದು ಹೇಳುವುದಿಲ್ಲ. ಒಂದು ಗಂಟಿಗೆ ಒಂದು ಕೆಲಸವಾದರೆ ಸರಿ, ಇಪ್ಪತ್ತಕ್ಕೆ ಸೆರಗು ಸಾಲದು.

ಇಪ್ಪತ್ತು ಎಂದದ್ದು ಉತ್ಪ್ರೇಕ್ಷೆಯಲ್ಲ. ನಾನು ಕೆಲಸಕ್ಕೆ ಸೇರಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿ ಇನ್ನೂ ತಾಲ್ಲೂಕೇ ಆಗಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಅಂದು ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ಅಂಕಪಟ್ಟಿ ಇವಿಷ್ಟು ಸರಿಯಿದ್ದರೆ ಮೇಷ್ಟರ ಕೆಲಸ ಸರಿಯಿದ್ದಂತೆ. ಇಂದು ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ ತುಂಬಬೇಕು. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ ಇಡಬೇಕು. ವಿದ್ಯಾರ್ಥಿವೇತನಕ್ಕೆ ಆಧಾರ್, ಬ್ಯಾಂಕ್ ಖಾತೆ ಹೊಂದಿಸಬೇಕು. ತರಬೇತಿ, ಚುನಾವಣೆ, ಗಣತಿ ಬೇರೆ. ಇವುಗಳ ನಡುವೆ ಸಂದು ಸಿಕ್ಕರೆ ಪಾಠ.

"ವಾಟ್ಸಾಪ್ ಗುಂಪು ಇದೆಯಲ್ಲ, ಎಲ್ಲ ಅದರಲ್ಲೇ ಬರುತ್ತದೆ" ಎನ್ನುತ್ತಾರೆ ಕೆಲವರು. ಬರುತ್ತದೆ ಸ್ವಾಮಿ, ಬಂದು ಕೊಚ್ಚಿಕೊಂಡೂ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ 'ತುರ್ತು' ಎಂಬ ತಲೆಬರಹದ ಸಂದೇಶ ಬಂದರೆ, ಅದರ ಕೆಳಗೆ ನಲವತ್ತು 'ಓಕೆ ಸರ್', ಮೂವತ್ತು ಜೋಡಿಸಿದ ಕೈ, ಯಾರದೋ ಹುಟ್ಟುಹಬ್ಬದ ಕೇಕು. ಬೆಳಗಾಗುವಷ್ಟರಲ್ಲಿ ಮಾಹಿತಿ ಯಾವತ್ತಿಗೆ ಕೊಡಬೇಕೆಂಬುದು ತಳ ಸೇರಿರುತ್ತದೆ. ಸಂದೇಶ ಬೇರೆ, ಕೆಲಸ ಬೇರೆ. ಸಂದೇಶ ಓದಿದರೆ ಮುಗಿಯಿತು, ಕೆಲಸ ಮಾಡಿದರೆ ಮಾತ್ರ ಮುಗಿಯುತ್ತದೆ.

ಇನ್ನು ಕೆಲವರಿಗೆ ಕ್ಯಾಲೆಂಡರೇ ಸಾಕು. ತಾರೀಖು ಇರುವ ಕೆಲಸಕ್ಕೆ ಕ್ಯಾಲೆಂಡರು ಸರಿ. ತಾರೀಖೇ ಇಲ್ಲದ ಕೆಲಸಕ್ಕೆ? 'ಹಿಂದಿನ ಬೆಂಚಿನ ಹುಡುಗನ ಕಣ್ಣು ಪರೀಕ್ಷೆ ಮಾಡಿಸಬೇಕು' ಎಂಬುದು ಯಾವ ಚೌಕದಲ್ಲಿ ಕೂರುತ್ತದೆ?

"ಬರೆದಿಟ್ಟರೆ ಬುದ್ಧಿ ಮಂಕಾಗುತ್ತದೆ" ಎಂಬುದು ಮೂರನೆಯ ಆಕ್ಷೇಪ. 1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಪರೀಕ್ಷಾ ಹಾರಾಟದಲ್ಲೇ ಬಿದ್ದುಹೋಯಿತು. ನುರಿತ ಚಾಲಕರಿದ್ದರೂ ಒಂದು ಬೀಗ ಬಿಡಿಸದೆ ಹಾಗೇ ಉಳಿದಿತ್ತು. ಆಮೇಲೆ ವಿಮಾನ ಏಳುವ ಮುನ್ನ ಪಟ್ಟಿ ಓದಿ ಗುರುತು ಹಾಕುವ ಪದ್ಧತಿ ನೆಲೆಯೂರಿತು. ಪಟ್ಟಿ ಓದುವ ಪೈಲಟ್ಟನ್ನು ಯಾರೂ ದಡ್ಡನೆನ್ನುವುದಿಲ್ಲ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕೊರೆಯುತ್ತಿರುತ್ತದೆ, ಅದನ್ನು ಯಾವಾಗ ಹೇಗೆ ಮಾಡುವುದೆಂದು ಗೊತ್ತುಮಾಡಿಕೊಂಡರೆ ಕೊರೆತ ನಿಲ್ಲುತ್ತದೆ ಎಂದು ಮ್ಯಾಸಿಕಾಂಪೊ, ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಪಟ್ಟಿ ಮಾಡಿ ಮಲಗಿದವಳಿಗೆ ಈ ಮಾತು ಪ್ರಯೋಗವಿಲ್ಲದೆಯೂ ಗೊತ್ತು.

ಆದರೆ ನನ್ನ ನಿಜವಾದ ಜಗಳ ಇರುವುದು ಮನೆಯಲ್ಲಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ, ಗಂಡಸರು ಕಳೆದದ್ದು 97 ನಿಮಿಷ. ಈ 299 ಕೈ ಆಡಿಸಿದ ನಿಮಿಷಗಳು. ಪಾಠ ಮಾಡುತ್ತಲೇ 'ಅತ್ತೆಯವರ ಬಿಪಿ ಮಾತ್ರೆ ಮುಗಿಯಿತು' ಎಂದು ಒಳಗೊಳಗೇ ಎಣಿಸುವುದನ್ನು ಯಾವ ಸಮೀಕ್ಷೆ ಎಣಿಸೀತು? ಮನೆಯ ಪಟ್ಟಿ ಹೆಂಗಸಿನ ತಲೆಯೊಳಗಿರುವ ತನಕ, "ನೀನು ಹೇಳಿದ್ದರೆ ತರುತ್ತಿದ್ದೆನಲ್ಲ" ಎಂಬ ಮಾತಿಗೆ ಬೆಲೆಯಿದೆ. ಹೇಳುವುದೂ ಒಂದು ಕೆಲಸವೆಂದು ಹೇಳುವವನಿಗೆ ತೋಚುವುದಿಲ್ಲ. ಒಂದೇ ಪಟ್ಟಿಯನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಕಾಣುವಂತೆ ಇಡಲು ಈ ಆಪ್‌ಗಳಲ್ಲಿ ಅನುಕೂಲವಿದೆ. ನಮ್ಮ ಮನೆಯಲ್ಲಿ ಹಾಗೆ ಇಟ್ಟಿದ್ದೇವೆ. ಮಾತ್ರೆ ಈಗ ನಮ್ಮೆಜಮಾನರು ತರುತ್ತಾರೆ. ಅವರು ಕೆಟ್ಟವರಾಗಿರಲಿಲ್ಲ, ಅವರಿಗೆ ಪಟ್ಟಿ ಕಾಣುತ್ತಿರಲಿಲ್ಲ, ಅಷ್ಟೆ.

ಶಾಲೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮೇಲಿನವರು ಕೇಳುವ ಪ್ರತಿ ಕೆಲಸಕ್ಕೂ ನಮೂನೆ ಇದೆ, ಗಡುವು ಇದೆ, ನೆನಪಿಸುವ ಫೋನು ಇದೆ. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ನಿದ್ದೆಗಣ್ಣಲ್ಲಿ ಬರುವ ಮಗು, ಜಗಳೂರಿನ ಬರದ ವರ್ಷ ತಂದೆತಾಯಿ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಮಗು, ಮೂರು ದಿನದಿಂದ ತರಗತಿಗೆ ಬಾರದ ಒಂಬತ್ತನೆಯ ಇಯತ್ತೆಯ ಹುಡುಗಿ—ಇವರಿಗೆ ಯಾವ ನಮೂನೆಯೂ ಇಲ್ಲ, ಯಾರೂ ಫೋನು ಮಾಡುವುದಿಲ್ಲ. ಆ ಹುಡುಗಿಯ ಮನೆಗೆ ಇವತ್ತು ಹೋದರೆ ಶಾಲೆಗೆ ಕರೆತರಬಹುದು. ತಿಂಗಳು ಬಿಟ್ಟು ಹೋದರೆ ಲಗ್ನಪತ್ರಿಕೆ ಕೈಗಿಟ್ಟಾರು. 'ಅವಳ ಮನೆಗೆ ಹೋಗಬೇಕು' ಎಂಬ ಸಾಲು ನನ್ನ ಪಟ್ಟಿಯಲ್ಲಿ ಮೊಟ್ಟೆಯ ಲೆಕ್ಕಕ್ಕಿಂತ ಮೇಲಿರುತ್ತದೆ. ಪಟ್ಟಿ ನನ್ನದು, ಆದ್ದರಿಂದ ಕ್ರಮವೂ ನನ್ನದೇ.

ಆಪ್ ಎಂದರೆ ಶಿಲಾಶಾಸನವೇನಲ್ಲ. ವಂಡರ್‌ಲಿಸ್ಟ್ ಎಂಬ ಹೆಸರಾಂತ ಆಪನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡು 2020ರಲ್ಲಿ ಮುಚ್ಚಿಯೇಬಿಟ್ಟಿತು. ಅದಕ್ಕೇ ಭಾನುವಾರಕ್ಕೊಮ್ಮೆ ಮುಖ್ಯವಾದದ್ದನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಮಕ್ಕಳ ಹೆಸರನ್ನು ಮೊಬೈಲಿನಲ್ಲಿ ಬರೆಯುವುದಿಲ್ಲ, ನನಗೆ ತಿಳಿಯುವ ಗುರುತು ಸಾಕು. ದಿನದ ಪಟ್ಟಿ ಏಳು ದಾಟಿದರೆ ಉಳಿದದ್ದು ನಾಳೆಗೆ. ಕಂಪನಿಯವರು ತೋರಿಸುವ ಬಣ್ಣ, ಬಹುಮಾನ, ಗಂಟೆ ಯಾವುದೂ ನನಗೆ ಬೇಡ.

ಇದನ್ನೋದಿ ಯಾರಾದರೂ ಅಧಿಕಾರಿಗಳು 'ಎಲ್ಲ ಶಿಕ್ಷಕರೂ ಕಡ್ಡಾಯವಾಗಿ ಆಪ್ ಬಳಸತಕ್ಕದ್ದು, ವರದಿ ಸಲ್ಲಿಸತಕ್ಕದ್ದು' ಎಂದು ಸುತ್ತೋಲೆ ಹೊರಡಿಸಿದರೆ ನಾನು ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಅವರು ಮಾಡಬೇಕಾದದ್ದು ಬೇರೆ ಇದೆ: ಏನು ಬೇಕು, ಯಾರಿಂದ ಬೇಕು, ಯಾವ ತಾರೀಖಿಗೆ ಬೇಕು ಎಂದು ಒಂದೇ ಸಾಲಿನಲ್ಲಿ, ಶಾಲೆಯ ವೇಳೆಯಲ್ಲಿ ತಿಳಿಸಲಿ. ಮನೆಯ ಗಂಡಸರು ಪಟ್ಟಿಯನ್ನು ತಾವೇ ತೆರೆದು ನೋಡಲಿ. ನನ್ನ ಓರಗೆಯ ಅಕ್ಕತಂಗಿಯರಿಗೆ ಹೇಳುವುದಿಷ್ಟೇ: ಎಲ್ಲ ನೆನಪಿಡುವವಳೆಂಬ ಬಿರುದನ್ನು ಇವತ್ತೇ ಹಿಂದಿರುಗಿಸಿಬಿಡಿ.